ಗಡಿಯೋ, ಸರಹದ್ದೋ? ಡ್ಯೂರಂಡ್ ರೇಖೆಯ ಹತ್ತಿರ ಸಿಕ್ಕಿಬಿದ್ದ ಅನುವಾದಕನ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಅಫ್ಗಾನಿಸ್ತಾನ ಮತ್ತು ಪಾಕಿಸ್ತಾನದ ನಡುವೆ ಬ್ರಿಟಿಷರ ಕಾಲದಲ್ಲಿ ಎಳೆದ ಡ್ಯೂರಂಡ್ ರೇಖೆಯ ಜಗಳದ ಬಗ್ಗೆ ಇಂಗ್ಲಿಷ್ ಲೇಖನವೊಂದನ್ನು ಮಾಸಪತ್ರಿಕೆಯೊಂದಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಒಂದು ವಾರದಿಂದ ಒಂದೇ ಪದದ ಹತ್ತಿರ ಗಾಡಿ ನಿಂತಿದೆ. ಮೂಲದಲ್ಲಿ ಬಾರ್ಡರ್, ಬೌಂಡರಿ, ಫ್ರಾಂಟಿಯರ್ ಎಂದು ಬೇರೆಬೇರೆ ಇದ್ದುದನ್ನೆಲ್ಲ ನಾನು ಕಣ್ಣುಮುಚ್ಚಿ 'ಗಡಿ' ಎಂದು ಬರೆದುಕೊಂಡು ಹೋಗಿದ್ದೆ. ತಿದ್ದಲು ಕೂತಾಗ ಗೊತ್ತಾಯಿತು, ಜಗಳ ಇರುವುದೇ ಆ ಪದಗಳ ನಡುವಿನ ಸಂದಿಯಲ್ಲಿ. ಅದನ್ನು ನಾನು ನೀಟಾಗಿ ಮಣ್ಣು ಹಾಕಿ ಮುಚ್ಚಿದ್ದೆ.

ಪದ ಹಿಡಿದು ಎಳೆದಾಡುವವರ ಚಪಲ ಇದು ಅಂದುಕೊಳ್ಳಬೇಡಿ. 2025ರ ಅಕ್ಟೋಬರಿನಲ್ಲಿ ಎರಡೂ ಕಡೆಯವರು ಹೊಡೆದಾಡಿಕೊಂಡ ಮೇಲೆ ಕತಾರ್ ಮತ್ತು ಟರ್ಕಿ ಮಧ್ಯೆ ಬಂದು ದೋಹಾದಲ್ಲಿ ಕದನವಿರಾಮ ಮಾಡಿಸಿದವು. ಕತಾರಿನ ವಿದೇಶಾಂಗ ಸಚಿವಾಲಯದ ಮೊದಲ ಹೇಳಿಕೆಯಲ್ಲಿ ಎರಡು ಸೋದರ ದೇಶಗಳ 'ಗಡಿಯಲ್ಲಿನ' ಉದ್ವಿಗ್ನತೆ ಎಂದಿತ್ತು. ಆ ರೇಖೆಯನ್ನು ಗಡಿಯೆಂದು ಒಪ್ಪದ ಕಾಬೂಲಿನವರು ತಕರಾರು ತೆಗೆದರು. ಹೇಳಿಕೆಯನ್ನು ತಿದ್ದಿ ಮತ್ತೆ ಹಾಕಿದಾಗ ಆ ಒಂದು ಪದ ಇರಲಿಲ್ಲ, ಬರೀ ಎರಡು ದೇಶಗಳ 'ನಡುವಿನ' ಉದ್ವಿಗ್ನತೆ ಉಳಿದಿತ್ತು. ಕನ್ನಡದಲ್ಲಿ ಇದೇ ಸುದ್ದಿ ಬರೆಯಿರಿ ನೋಡೋಣ. ಎರಡನೇ ಸಾಲಿಗೇ 'ಗಡಿ' ಬಂದು ಕೂರುತ್ತದೆ.

ಈ ರೇಖೆಯ ಮೂಲ ಕರಾರು 1893ರ ನವೆಂಬರ್ 12ರದು. ಬ್ರಿಟಿಷ್ ಭಾರತದ ವಿದೇಶಾಂಗ ಕಾರ್ಯದರ್ಶಿ ಮಾರ್ಟಿಮರ್ ಡ್ಯೂರಂಡ್ ಮತ್ತು ಅಫ್ಗಾನಿಸ್ತಾನದ ಅರಸ ಅಮೀರ್ ಅಬ್ದುರ್ ರಹಮಾನ್ ಖಾನ್ ಕಾಬೂಲಿನಲ್ಲಿ ಮಾಡಿಕೊಂಡದ್ದು. ಪೀಠಿಕೆಯಲ್ಲಿ, ಇಬ್ಬರ 'ಪ್ರಭಾವ ವಲಯಗಳ ಮಿತಿ'ಯನ್ನು ಗೊತ್ತುಮಾಡಲು ಈ ಏರ್ಪಾಡು ಎಂದಿದೆ. ಒಂದನೇ ಕಲಮಿನಲ್ಲಿ ಮಾತ್ರ, ಅಮೀರರ ರಾಜ್ಯದ ಫ್ರಾಂಟಿಯರ್ ಈಶಾನ್ಯ ಮೂಲೆಯ ವಖಾನ್‌ನಿಂದ ಪರ್ಷಿಯಾದ ಅಂಚಿನವರೆಗೆ ನಕಾಶೆಯ ಗೆರೆಯಂತೆ ಹೋಗತಕ್ಕದ್ದು ಎಂದಿದೆ. ಮುಂದಿನದರಲ್ಲಿ, ಗೆರೆಯ ಆಚೆ ನಾವು ಕೈಹಾಕುವುದಿಲ್ಲ, ಈಚೆ ನೀವು ಹಾಕಬಾರದು. ಜೊತೆಗೆ ಅಮೀರರಿಗೆ ಕೊಡುತ್ತಿದ್ದ ವರ್ಷಾಶನ 12 ಲಕ್ಷ ರೂಪಾಯಿಯಿಂದ 18 ಲಕ್ಷಕ್ಕೆ ಏರಿತು. ಕಾಬೂಲು ಹಿಡಿದುಕೊಂಡಿರುವುದು ಪೀಠಿಕೆಯನ್ನು, ಇಸ್ಲಾಮಾಬಾದ್ ಹಿಡಿದುಕೊಂಡಿರುವುದು ಒಂದನೇ ಕಲಮನ್ನು ಮತ್ತು ಆ ಫ್ರಾಂಟಿಯರನ್ನು ಕಾಬೂಲು ಮತ್ತೆ ಒಪ್ಪಿಕೊಂಡ, ಬ್ರಿಟಿಷರ ಜೊತೆಗಿನ 1919ರ, 1921ರ ಒಪ್ಪಂದಗಳನ್ನು. 1947ರಲ್ಲಿ ಪಾಕಿಸ್ತಾನ ವಿಶ್ವಸಂಸ್ಥೆ ಸೇರುವಾಗ ವಿರುದ್ಧ ಬಿದ್ದ ಒಂದೇ ಮತ ಅಫ್ಗಾನಿಸ್ತಾನದ್ದು. 1949ರಲ್ಲಿ ಅಲ್ಲಿನ ಹಿರಿಯರ ಮಹಾಸಭೆ ಲೋಯಾ ಜಿರ್ಗಾ ಈ ರೇಖೆಯೇ ಅಸಿಂಧು ಎಂದಿತು. ಅಲ್ಲಿಂದೀಚೆಗೆ ಅರಸರು, ಕಮ್ಯುನಿಸ್ಟರು, ತಾಲಿಬಾನಿನವರು ಎಲ್ಲರೂ ಕಾಬೂಲಿನ ಗಾದಿಯ ಮೇಲೆ ಕೂತರು. ಯಾರೂ ಈ ರೇಖೆಯನ್ನು ಅಧಿಕೃತವಾಗಿ ಗಡಿಯೆಂದು ಒಪ್ಪಲಿಲ್ಲ. ಅವರು ಅದನ್ನು 'ಫರ್ಜಿ' ರೇಖೆ ಎನ್ನುತ್ತಾರೆ. ಹಿಂದಿ ಕೇಳಿದ ಕಿವಿಗೆ ಅದು 'ನಕಲಿ' ಅನ್ನಿಸೀತು, ಅವರಲ್ಲಿ ಅದು 'ಕಲ್ಪಿತ'.

ಈಗ ನನ್ನ ಪೇಚು. 'ಪ್ರಭಾವ ವಲಯ' ಎಂದರೆ ಕನ್ನಡದ ಓದುಗರಿಗೆ ಹವಾಮಾನ ವರದಿಯಂತೆ ಕೇಳುತ್ತದೆ. ಹುಡುಕುತ್ತಾ ಹೋದಾಗ ಕೈಗೆ ಸಿಕ್ಕಿದ್ದು ನಮ್ಮ ಪೊಲೀಸರ ಪದ, 'ಠಾಣಾ ಸರಹದ್ದು'. ಅಪಘಾತ ಯಾವ ಠಾಣೆಯ ಸರಹದ್ದಿನಲ್ಲಿ ಆಯಿತು ಎಂದು ಕೇಳುತ್ತೇವೆ. ಅಲ್ಲಿ ಸರಹದ್ದು ಎಂದರೆ ಬೇಲಿಯೂ ಅಲ್ಲ, ಒಡೆತನವೂ ಅಲ್ಲ. ಯಾರ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬ ಹರವು. ಪೀಠಿಕೆಯ ಮಾತಿಗೆ ಇದಕ್ಕಿಂತ ಹತ್ತಿರದ ಕನ್ನಡ ನನಗಂತೂ ಕಾಣುತ್ತಿಲ್ಲ. 'ನಾವು 1893ರಲ್ಲಿ ಸರಹದ್ದು ಹಂಚಿಕೊಂಡೆವು, ಗಡಿ ಹಾಕಲಿಲ್ಲ' ಎಂದರೆ ಕಾಬೂಲಿನ ಇಡೀ ವಾದ ಒಂದು ಸಾಲಿನಲ್ಲಿ ಬಂತು. (ಆ ವಾದ ಸರಿಯೋ ತಪ್ಪೋ ಬೇರೆ ಮಾತು. ಒಂದನೇ ಕಲಮು ಅವರಿಗೆ ತೊಡಕೇ.)

ಇನ್ನೊಂದು ಕಾರಣಕ್ಕೂ ಈ ಪದ ಹಿಡಿಸಿತು. ಫಾರಸಿಯ 'ಸರ್', ಅರಬ್ಬಿಯ 'ಹದ್ದ್' ಸೇರಿ ಆದದ್ದು ಸರಹದ್ದು. 1901ರಲ್ಲಿ ಬ್ರಿಟಿಷರು ಹುಟ್ಟುಹಾಕಿದ ವಾಯವ್ಯ ಗಡಿನಾಡು ಪ್ರಾಂತ್ಯಕ್ಕೆ ಉರ್ದುವಿನಲ್ಲಿ 'ಸರಹದ್' ಎಂದೇ ಹೆಸರು. 2010ರಲ್ಲಿ ಖೈಬರ್ ಪಖ್ತೂನ್‌ಖ್ವಾ ಆಗುವವರೆಗೂ ಹಾಗೇ ಇತ್ತು. ಅದಕ್ಕೂ ಡ್ಯೂರಂಡ್ ರೇಖೆಗೂ ನಡುವೆ ಬುಡಕಟ್ಟುಗಳು ವಾಸಿಸುವ ನೆಲದ ಒಂದು ಪಟ್ಟಿ. ಅಲ್ಲಿ ನಡೆಯುತ್ತಿದ್ದುದು ಮಾಮೂಲು ಕಾನೂನಲ್ಲ, 1901ರ ಫ್ರಾಂಟಿಯರ್ ಅಪರಾಧಗಳ ಕಟ್ಟಳೆ. 2018ರಲ್ಲಷ್ಟೇ ಅದು ಪ್ರಾಂತ್ಯದೊಳಗೆ ವಿಲೀನವಾಯಿತು. ಅಂದರೆ ಫ್ರಾಂಟಿಯರ್ ಎನ್ನುವುದು ಗೆರೆಯಲ್ಲ, ಅಗಲವಿರುವ ನೆಲ. ಇದಕ್ಕೆ 'ಸೀಮೆ' ಹೊಂದುತ್ತದೆಯೇ? ಬಯಲುಸೀಮೆಯಲ್ಲಿ ಅದು ಪ್ರದೇಶ, ಸೀಮೋಲ್ಲಂಘನದಲ್ಲಿ ಗೆರೆ, ಸೀಮೆಎಣ್ಣೆಯಲ್ಲಿ ಪರದೇಶ. ಮೂರನ್ನೂ ಒಂದೇ ಪದ ಹೊತ್ತಿರುವುದು ಚಂದವೇ, ಆದರೆ ಪತ್ರಿಕೆಯ ಲೇಖನದಲ್ಲಿ ಗೊಂದಲ.

'ಗಡಿನಾಡು' ಇದೆಯಲ್ಲ ಎನ್ನುತ್ತೀರಿ. ಇದೆ. ಖಾನ್ ಅಬ್ದುಲ್ ಗಫಾರ್ ಖಾನರನ್ನು 'ಗಡಿನಾಡ ಗಾಂಧಿ' ಎಂದು ಕರೆದ ಹಿರಿಯರು ಅಳೆದು ಸುರಿದೇ ಆರಿಸಿದ್ದಾರೆ. ಆದರೆ ಇವತ್ತು ಗಡಿನಾಡು ಎಂದರೆ ನಮಗೆ ಕಾಸರಗೋಡು, ಅಕ್ಕಲಕೋಟೆ ಕಣ್ಣಮುಂದೆ ಬರುತ್ತವೆ. ಅಂದಹಾಗೆ ಆ ಗಡಿನಾಡ ಗಾಂಧಿ 1988ರಲ್ಲಿ ತೀರಿಕೊಂಡದ್ದು ಪೇಶಾವರದಲ್ಲಿ, ಮಣ್ಣಾದದ್ದು ರೇಖೆಯ ಆಚೆ ಜಲಾಲಾಬಾದಿನಲ್ಲಿ.

ಇನ್ನು ನಕಾಶೆಯಲ್ಲಿ ಗೆರೆ ಎಳೆಯುವುದು ಬೇರೆ, ನೆಲದ ಮೇಲೆ ಗುರುತು ನೆಡುವುದು ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಎರಡು ಪದ. ನಿಘಂಟುಗಳು ಎರಡನೆಯದಕ್ಕೆ 'ಸೀಮಾಂಕನ' ಎನ್ನುತ್ತವೆ. ನಮ್ಮ ಸರ್ವೆಯವರ ಬಾಯಲ್ಲಿ ಅದಕ್ಕೆ ಬದುಕಿರುವ ಪದವಿದೆ, ಹದ್ದುಬಸ್ತು. ನಮ್ಮ ತೋಟದ ಹದ್ದುಬಸ್ತಿಗೆ ಅರ್ಜಿ ಹಾಕಿ, ಕಾದೂ ಕಾದೂ ಕೊನೆಗೆ ಸರ್ವೆಯವರು ಚೈನು ಹಿಡಿದು ಬಂದರು. ಅಳೆದು, ಬೇಲಿಯ ಕತ್ತಾಳೆ ಸರಿಸಿ, ಹೂತುಹೋಗಿದ್ದ ಬಾಂದುಕಲ್ಲನ್ನು ತೋರಿಸಿದರು. ಪಕ್ಕದ ಜಮೀನಿನ ಯಜಮಾನರು ಕಲ್ಲನ್ನು ನೋಡಲೂ ಇಲ್ಲ. "ಕಲ್ಲು ಎಲ್ಲಾದರೂ ಇರಲಿ ಸ್ವಾಮಿ, ನಮ್ಮಜ್ಜ ಉತ್ತಿದ್ದು ಈ ಹುಣಸೆಮರದವರೆಗೆ" ಅಂದರು. ಡ್ಯೂರಂಡ್ ರೇಖೆಗೂ 1894ರಿಂದ ಆಯೋಗಗಳು ಹೋಗಿ ಕಂಬ ನೆಟ್ಟವು. ಮೊಹಮಂದ್ ಬುಡಕಟ್ಟಿನವರ ಸೀಮೆಯಲ್ಲಿ ಆ ಕೆಲಸ ಮುಗಿಯಲಿಲ್ಲ. 2017ರಿಂದ ಪಾಕಿಸ್ತಾನ ತಂತಿಬೇಲಿ ಹಾಕುತ್ತಾ ಬಂತು, ರೇಖೆಯ ಎರಡೂ ಕಡೆ ಇರುವ ಪಶ್ತೂನರು ಇವತ್ತಿಗೂ ಹುಣಸೆಮರದ ಮಾತನ್ನೇ ಆಡುತ್ತಾರೆ. 'ಹದ್ದುಬಸ್ತು' ಎಂದು ಬರೆದರೆ ಸಂಪಾದಕರು ಹಳ್ಳಿಗಾಡಿನ ಪದ ಎಂದು ಹೊಡೆದುಹಾಕುತ್ತಾರೋ ಏನೋ. ನಾನು ಬಿಡುವವನಲ್ಲ.

ನಮ್ಮ ಮನೆಯ ತಪ್ಪನ್ನೂ ಹೇಳಿಬಿಡುತ್ತೇನೆ. 1972ರ ಸಿಮ್ಲಾ ಒಪ್ಪಂದದ ಹೊತ್ತಿಗೆ ಕಾಶ್ಮೀರದಲ್ಲಿ ಆದದ್ದು ಬರೀ 'ನಿಯಂತ್ರಣ ರೇಖೆ'. ಅದು ಗಡಿಯಲ್ಲ ಎಂಬುದೇ ಭಾರತದ ನಿಲುವಿನ ಜೀವಾಳ. ಅಫ್ಗಾನಿಸ್ತಾನದ ಜೊತೆ ನಮಗೆ 106 ಕಿಲೋಮೀಟರ್ ಗಡಿಯಿದೆ ಎಂದು ಗೃಹ ಸಚಿವಾಲಯ ಲೆಕ್ಕ ಕೊಡುವುದೂ, ಪಾಕಿಸ್ತಾನದ ಕೈಯಲ್ಲಿರುವ ಕಾಶ್ಮೀರವೂ ನಮ್ಮದೇ ಎಂಬ ಅದೇ ನಿಲುವಿನಿಂದ. ಕನ್ನಡ ಪತ್ರಿಕೆಗಳೋ ಲಾಗಾಯ್ತಿನಿಂದ 'ಗಡಿ ನಿಯಂತ್ರಣ ರೇಖೆ' ಎಂದು ಬರೆಯುತ್ತವೆ. ಇಲ್ಲದ 'ಗಡಿ'ಯನ್ನು ನಾವೇ ತಂದು ಅಂಟಿಸಿದೆವು. ಯಾರಿಗೂ ಅದು ಚುಚ್ಚಲಿಲ್ಲ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಹೀಗೆ. ನನ್ನ ಮಾತಿನಲ್ಲಿ 'ಡ್ಯೂರಂಡ್ ರೇಖೆ' ಅಥವಾ ಬರೀ 'ರೇಖೆ'. ಉಗ್ರರು 'ರೇಖೆ ದಾಟಿ' ಬಂದರು, 'ಗಡಿ ದಾಟಿ' ಅಲ್ಲ. ಪಾಕಿಸ್ತಾನದ ಸಚಿವರು ಮಾತಾಡುವಾಗ 'ಗಡಿ', ಯಾಕೆಂದರೆ ಅದು ಅವರ ಪದ. ಕಾಬೂಲಿನವರ ಬಾಯಲ್ಲಿ 'ಕಲ್ಪಿತ ರೇಖೆ'. ತೋರ್ಖಮ್, ಚಮನ್‌ಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಜಾಗಕ್ಕೆ 'ಗಡಿದ್ವಾರ' ಬೇಡವೆಂದು 'ದಾಟುನೆಲೆ' ಎಂದು ಬರೆದು ನೋಡಿದೆ, ದೋಣಿ ಕಟ್ಟುವ ಜಾಗದಂತಿದೆ. 'ನಾಕಾ' ಎಂದುಬಿಡಲೇ?

ವಖಾನ್ ಬಗ್ಗೆಯೂ ಒಂದು ಕೇಳಬೇಕು. ರಷ್ಯಾ ಮತ್ತು ಬ್ರಿಟಿಷ್ ಸಾಮ್ರಾಜ್ಯಗಳು ಒಂದಕ್ಕೊಂದು ತಾಗದಿರಲಿ ಎಂದು 1895ರಲ್ಲಿ ಅಫ್ಗಾನಿಸ್ತಾನಕ್ಕೆ ಬಾಲದಂತೆ ಅಂಟಿಸಿದ ಪಟ್ಟಿ ಅದು. ಅಂಥ ನಡುವಿನ ದೇಶಕ್ಕೆ 'ಬಫರ್ ರಾಜ್ಯ' ಎಂದು ಬಿಡಲು ಮನಸ್ಸಿಲ್ಲ, 'ತಡೆರಾಜ್ಯ' ಎಂದರೆ ಅದೇ ಏನನ್ನೋ ತಡೆಯುತ್ತಿದೆ ಎಂಬ ಭಾವ ಬರುತ್ತದೆ.

ಕಲ್ಯಾಣ ಕರ್ನಾಟಕದ (ಹಿಂದಿನ ಹೈದರಾಬಾದ್ ಕರ್ನಾಟಕದ) ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಮನೆಮಾತಿನಲ್ಲಿ 'ಸರಹದ್ದು' ಎಂದರೆ ಕಾಲಿಟ್ಟು ದಾಟುವ ಗೆರೆಯೋ, ಒಳಗೆ ನಡೆದುಹೋಗುವ ಪಟ್ಟಿಯೋ? ಲೇಖನ ಶುಕ್ರವಾರ ಕಳಿಸಬೇಕು.