ಸೇನೆ ಅಧಿಕಾರ ಕಿತ್ತುಕೊಂಡರೂ ಅಮೆರಿಕದ ನೆರವು ಕೆಲವೆಡೆ ನಿಲ್ಲುವುದಿಲ್ಲ ಏಕೆ?

ಪ್ರಶ್ನೆ: ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿದರೆ ಆ ದೇಶಕ್ಕೆ ನೆರವು ಕೊಡಬಾರದೆಂಬ ಕಾನೂನು ಅಮೆರಿಕದಲ್ಲೇ ಇದೆಯಂತಲ್ಲ ಸರ್. ಮತ್ತೆ ಈಜಿಪ್ಟಿಗೆ ಹಣ ಹೋಗಿದ್ದು ಹೇಗೆ, ನೈಜರ್‌ಗೆ ನಿಂತಿದ್ದು ಹೇಗೆ?

ಉತ್ತರ: ಇದೆ. ಅಲ್ಲಿನ ವಾರ್ಷಿಕ ಧನವಿನಿಯೋಗ ಕಾಯ್ದೆಯ ಸೆಕ್ಷನ್ 7008. ಆದರೆ ನಡೆದದ್ದು ಸೇನಾದಂಗೆ ಎಂದು ವಿದೇಶಾಂಗ ಇಲಾಖೆ ನಿರ್ಣಯ ಕೊಟ್ಟ ಮೇಲೆಯೇ ಅದು ಕಚ್ಚಿಕೊಳ್ಳುವುದು. ಇಷ್ಟು ದಿನದೊಳಗೆ ನಿರ್ಣಯಿಸಿ ಎಂಬ ಗಡುವು ಅದರಲ್ಲಿಲ್ಲ. ಭದ್ರತೆಯ ಲೆಕ್ಕಾಚಾರವೆಲ್ಲ ನುಸುಳುವುದು ಇಲ್ಲೇ.

ಈಜಿಪ್ಟಿನಲ್ಲಿ ಚುನಾಯಿತ ಅಧ್ಯಕ್ಷ ಮೊರ್ಸಿ ಪದಚ್ಯುತರಾದದ್ದು 2013ರ ಜುಲೈ 3ರಂದು. ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು, ಇಸ್ರೇಲ್ ಜೊತೆಗಿನ 1979ರ ಶಾಂತಿ ಒಪ್ಪಂದ, ಸೂಯೆಜ್ ಕಾಲುವೆ, ಇಷ್ಟೂ ಎದುರಿಗಿದ್ದವು. ಒಬಾಮ ಆಡಳಿತ ದಂಗೆ ಹೌದು ಅಥವಾ ಅಲ್ಲ ಎಂದು ಹೇಳಲೇ ಇಲ್ಲ. ಅಕ್ಟೋಬರ್‌ನಲ್ಲಿ ಎಫ್-16 ವಿಮಾನ, ಅಪಾಚೆ ಹೆಲಿಕಾಪ್ಟರ್‌ಗಳನ್ನು ತಡೆಹಿಡಿದದ್ದು ತನ್ನದೇ ನೀತಿಯಾಗಿ, 7008ರ ಅಡಿಯಲ್ಲಲ್ಲ. ಹಾಗಾಗಿ 2015ರ ಮಾರ್ಚ್‌ನಲ್ಲಿ ಎಫ್-16 ಬಿಡುಗಡೆ ಮಾಡುವಾಗ ಚುನಾಯಿತ ಸರ್ಕಾರ ಬಂದಿದೆಯೆಂದು 7008 ಕೇಳುವಂತೆ ಸಂಸತ್ತಿಗೆ ಪ್ರಮಾಣೀಕರಿಸುವ ಗೋಜೇ ಇರಲಿಲ್ಲ. ಪತ್ರಿಕೆಗಳಲ್ಲಿ ನೀತಿಯ ತಡೆ, ಕಾನೂನಿನ ತಡೆ ಎರಡನ್ನೂ ‘ನೆರವು ಸ್ಥಗಿತ’ ಎಂದೇ ಬರೆಯುತ್ತಾರೆ. ಅಲ್ಲೇ ಓದುಗರು ಎಡವುವುದು.

ನೈಜರ್‌ನಲ್ಲಿ ದಂಗೆ 2023ರ ಜುಲೈ 26ಕ್ಕೆ, ನಿರ್ಣಯ ಅಕ್ಟೋಬರ್ 10ಕ್ಕೆ. ನಡುವೆ ಎರಡೂವರೆ ತಿಂಗಳು ಮಾತುಕತೆಗೆ ಹೋಯಿತು, ಅಲ್ಲಿನ ಅಗಾಡೆಜ್‌ನಲ್ಲಿದ್ದ ಅಮೆರಿಕದ ಡ್ರೋನ್ ನೆಲೆ ಉಳಿಯಬೇಕಿತ್ತಲ್ಲ! ಉಳಿಯಲಿಲ್ಲ. 2024ರ ಮಾರ್ಚ್‌ನಲ್ಲಿ ನೈಜರ್ ಸೇನಾ ಒಪ್ಪಂದ ರದ್ದು ಮಾಡಿತು, ಏಪ್ರಿಲ್‌ನಲ್ಲಿ ರಷ್ಯಾದ ತರಬೇತುದಾರರು ಬಂದಿಳಿದರು, ಸೆಪ್ಟೆಂಬರ್ ಹೊತ್ತಿಗೆ ಅಮೆರಿಕ ಖಾಲಿ ಮಾಡಿತ್ತು.

ಮರುಪ್ರಶ್ನೆ: ಮ್ಯಾನ್ಮಾರ್‌ಗೆ ಮಾತ್ರ ಒಂದೇ ದಿನದಲ್ಲಿ ನಿರ್ಣಯ ಬಂತಲ್ಲ?

ಉತ್ತರ: ಹೌದು, 2021ರ ಫೆಬ್ರುವರಿ 1ಕ್ಕೆ ದಂಗೆ, 2ಕ್ಕೆ ನಿರ್ಣಯ. ಅಲ್ಲಿನ ಸರ್ಕಾರದ ಕೈಗೆ ನೇರವಾಗಿ ಹೋಗುತ್ತಿದ್ದ ಅಮೆರಿಕದ ಹಣವೇ ಬಹಳ ಕಡಿಮೆ. ಕಳೆದುಕೊಳ್ಳುವುದು ಕಡಿಮೆಯಿದ್ದಲ್ಲಿ ತತ್ವ ಬೇಗ ನೆನಪಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮತ್ತೊಬ್ಬರ ಉತ್ತರ: ಒಂದು ಸೇರಿಸುತ್ತೇನೆ. ನಿರ್ಣಯ ಬಂದರೂ ಎಲ್ಲವೂ ನಿಲ್ಲುವುದಿಲ್ಲ. ಮಾನವೀಯ ನೆರವು, ಚುನಾವಣೆಗೆ ಕೊಡುವ ಹಣ ಮುಂದುವರಿಯುತ್ತವೆ. ಥಾಯ್ಲೆಂಡ್‌ನಲ್ಲಿ 2014ರ ದಂಗೆಯ ನಂತರ ಸೇನಾ ಖರೀದಿಯ ನೆರವು ನಿಂತಿತು, ‘ಕೋಬ್ರಾ ಗೋಲ್ಡ್’ ಜಂಟಿ ಸಮರಾಭ್ಯಾಸ ಮಾತ್ರ ಗಾತ್ರ ತಗ್ಗಿಸಿಕೊಂಡು 2015ರಲ್ಲೂ ನಡೆಯಿತು. ಬ್ಯಾಂಕಾಕ್ ಪೂರ್ತಿ ಚೀನಾದತ್ತ ವಾಲೀತೆಂಬ ಅಳುಕು. ಈಗಂತೂ 2023ನೇ ಸಾಲಿನ ಧನವಿನಿಯೋಗ ಕಾಯ್ದೆಯಿಂದ ವಿದೇಶಾಂಗ ಕಾರ್ಯದರ್ಶಿಗೆ ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ಆಯಾ ನೆರವು ಕಾರ್ಯಕ್ರಮಕ್ಕೆ ವಿನಾಯಿತಿ ನೀಡುವ ಅಧಿಕಾರವೂ ಸಿಕ್ಕಿದೆ.