ಒಪ್ಪಂದ ಮೇ 31ಕ್ಕೆ ಮುಗಿಯುತ್ತೆ, ನವೀಕರಣದಲ್ಲಿ ಏನೇನು ನೋಡಬೇಕು?

ಪ್ರಶ್ನೆ: ಆಟಗಾರ 24 ವರ್ಷದ ಡಿಫೆಂಡರ್, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಕ್ಲಬ್. 2 ವರ್ಷ, ಮೇಲೆ 1 ವರ್ಷದ ಆಪ್ಷನ್ (ಬೇಕಾದ್ರೆ ಮುಂದುವರಿಸುವ ಹಕ್ಕು) ಅಂತಿದ್ದಾರೆ. ಸಂಬಳ ಒಂದೇ ಮಾತಾಡಿದ್ರೆ ಸಾಕಾ?

ಉತ್ತರ 1: ಸಾಲದು. ಮೊದಲು ತಾರೀಖು ನೋಡಿ. ಫಿಫಾ ನಿಯಮದಂತೆ ಕೊನೆಯ 6 ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂಗಡ ಸಹಿ ಹಾಕಬಹುದು. ಅಂದ್ರೆ ಡಿಸೆಂಬರ್‌ನಿಂದ ನಿಮ್ಮ ಕೈ ಮೇಲು. ಹಾಗಾಗಿ ಕ್ಲಬ್ ಅಕ್ಟೋಬರ್‌ನಲ್ಲೇ ಅವಸರ ಮಾಡುತ್ತೆ. ಅವಸರ ಅವರದ್ದು, ನಿಮ್ಮದಲ್ಲ.

ಉತ್ತರ 2: ಆ ಆಪ್ಷನ್ ಯಾರದ್ದು ಅಂತ ಕೇಳಿ ಸರ್. ಕ್ಲಬ್‌ಗೆ ಮಾತ್ರ ಇದ್ರೆ ಒಪ್ಪಬೇಡಿ. ಒಪ್ಪಲೇಬೇಕಾದ್ರೆ ಮೂರನೇ ವರ್ಷದ ಸಂಬಳ ಏರಿಕೆ, ಆಪ್ಷನ್ ಬಳಸ್ತಾರಾ ಅಂತ ತಿಳಿಸುವ ಕೊನೆಯ ದಿನ ಎರಡೂ ಬರಹದಲ್ಲಿರಲಿ. ಪಂದ್ಯದ ಬೋನಸ್‌ನಲ್ಲೇ ಜಗಳ ಜಾಸ್ತಿ: "20 ಪಂದ್ಯ" ಅಂತಷ್ಟೇ ಬರೆದ್ರೆ ಬದಲಿಯಾಗಿ ಇಳಿದ 5 ನಿಮಿಷ ಲೆಕ್ಕಕ್ಕೆ ಬರುತ್ತೋ ಇಲ್ವೋ ಗೊತ್ತಾಗಲ್ಲ. 19ಕ್ಕೆ ಬೆಂಚ್ ಮೇಲೆ ಕೂರಿಸಿದ್ರೆ ಪೂರ್ತಿ ಹೋಯ್ತು. 10, 15, 20ಕ್ಕೆ ಹಂತ ಹಂತವಾಗಿ ಕೇಳಿ.

ಉತ್ತರ 1: ಇನ್ನೊಂದು. ಮೊತ್ತ ಟಿಡಿಎಸ್ ಮುಂಚಿನದೋ ನಂತರದ್ದೋ ಬರೆಸಿ. 2 ತಿಂಗಳ ಸಂಬಳ ಬಾಕಿಯಾದ್ರೆ, 15 ದಿನ ಗಡುವಿನ ಲಿಖಿತ ನೋಟಿಸ್ ಕೊಟ್ಟು ಒಪ್ಪಂದ ಮುರಿಯಬಹುದು. ವಾಟ್ಸಾಪ್ ಮೆಸೇಜ್ ನಂಬಿಕೊಂಡು ಕೂರಬೇಡಿ.