ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದೆಯೆಂದರೆ ಚಿಕಿತ್ಸೆ ಬೇಕೇ?

ಪ್ರಶ್ನೆ (ಚನ್ನರಾಯಪಟ್ಟಣದಿಂದ):
ನಮ್ಮ ತಂದೆಯವರಿಗೆ 68 ವರ್ಷ. ಪ್ರಾಸ್ಟೇಟ್ ಬಯಾಪ್ಸಿಗೆ ಮುನ್ನ ಹಾಸನದಲ್ಲಿ ಗುದದ್ವಾರದ ಸ್ವ್ಯಾಬ್ ತೆಗೆದು ಕಲ್ಚರ್ ಮಾಡಿಸಿದಾಗ ‘ಇಎಸ್‌ಬಿಎಲ್ ಇ. ಕೋಲೈ’ ಎಂಬ ವರದಿ ಬಂದಿದೆ. ಅವರಿಗೆ ಜ್ವರವಿಲ್ಲ, ಭೇದಿಯಿಲ್ಲ. ಹಿಂದೆ ಉರಿಮೂತ್ರಕ್ಕೆ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದುಕೊಟ್ಟವನು ನಾನೇ. ಈಗ ಇದನ್ನು ಕೊಲ್ಲಲು ಬೇರೆ ಮಾತ್ರೆ ಕೊಡಿಸಬೇಕೇ?

ಉತ್ತರ 1 (ಸೂಕ್ಷ್ಮಜೀವಿ ವಿಜ್ಞಾನ ಕಲಿಸುವವನು, ಹಾಸನ):
ಬೇಡ. ಕರುಳಿನಲ್ಲಿ ಇಂಥ ಬ್ಯಾಕ್ಟೀರಿಯಾ ನೆಲೆಸಿರುವುದು ಬೇರೆ, ಅದರಿಂದ ಸೋಂಕು ತಗಲುವುದು ಬೇರೆ. ಇ. ಕೋಲೈ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ; ಇಎಸ್‌ಬಿಎಲ್ ಎಂದರೆ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥ ಆ್ಯಂಟಿಬಯಾಟಿಕ್‌ಗಳನ್ನು ಒಡೆಯುವ ಕಿಣ್ವ. ಅದರ ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲಿರುತ್ತದೆ. ಆ ಉಂಗುರದ ನಕಲು ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ ಬ್ಯಾಕ್ಟೀರಿಯಾಕ್ಕೆ, ಕೆಲವೊಮ್ಮೆ ಬೇರೆ ಪ್ರಭೇದಕ್ಕೂ ದಾಟಬಲ್ಲದು. ಒಂದೇ ಉಂಗುರದಲ್ಲಿ ಹಲವು ಔಷಧಗಳ ಪ್ರತಿರೋಧ ಜೀನ್‌ಗಳು ಜೊತೆಯಾಗಿ ಕುಳಿತಿರುವುದುಂಟು. ಹಾಗಾಗಿ ಸಂಬಂಧವೇ ಇಲ್ಲದ ಇನ್ನೊಂದು ಮಾತ್ರೆ ನುಂಗಿದರೂ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾಗಳು ಸತ್ತು, ಇಡೀ ಗಂಟನ್ನು ಹೊತ್ತವುಗಳಿಗೇ ಜಾಗ ತೆರವಾಗುತ್ತದೆ.

ತಾವು ತಮ್ಮನ್ನೇ ಪೂರ್ತಿ ದೂಷಿಸಿಕೊಳ್ಳಬೇಕಿಲ್ಲ. ಹೊರಜಗತ್ತಿನ ಸಂಪರ್ಕವೇ ಇಲ್ಲದೆ ವೆನೆಜುವೆಲಾದ ಕಾಡಿನಲ್ಲಿ ಬದುಕಿದ್ದ ಯಾನೊಮಾಮಿ ಜನರ ಕರುಳಿನಲ್ಲಿಯೂ ಪ್ರತಿರೋಧ ಜೀನ್‌ಗಳಿದ್ದುದು 2015ರಲ್ಲಿ ಪ್ರಕಟವಾಯಿತು. ಜೀನ್‌ಗಳು ಹಳೆಯವು, ಅವುಗಳನ್ನು ಕೊಬ್ಬಿಸುವುದು ನಮ್ಮ ಬಳಕೆ.

ಉತ್ತರ 2 (ಹೈನುಗಾರ, ಅರಸೀಕೆರೆ):
ಬಳಕೆಯ ಮಾತು ಬಂತೆಂದು ಕೇಳುತ್ತೇನೆ: ಕೆಚ್ಚಲು ಬಾವಿಗೆ ಹಸುವಿಗೆ ಆ್ಯಂಟಿಬಯಾಟಿಕ್ ಏರಿಸಿದ ಮೇಲೆ ಎಷ್ಟು ದಿನ ಹಾಲು ಹಾಕಬಾರದೆಂದು ಪಶುವೈದ್ಯರು ಹೇಳುತ್ತಾರೆ. ನಷ್ಟವೆಂದು ನಮ್ಮಲ್ಲಿ ಕೆಲವರು ಅದನ್ನು ಪಾಲಿಸುವುದಿಲ್ಲ. ಹಾಲನ್ನು ಕಾಯಿಸಿದರೆ ಸಾಲದೇ?

ಉತ್ತರ 3 (ಮತ್ತೆ ಮೊದಲ ಉತ್ತರದವನು):
ಸಾಲದು. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಪೆನಿಸಿಲಿನ್‌ನಂಥ ಔಷಧದ ಉಳಿಕೆ ಬಹುಪಾಲು ಹಾಗೆಯೇ ಇರುತ್ತದೆ. ಪ್ರಾಣಿಗಳಲ್ಲಿನ ಬಳಕೆ ಮನುಷ್ಯರಿಗೂ ತಟ್ಟುತ್ತದೆ ಎಂಬ ಕಾರಣಕ್ಕೇ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ಗುದದ್ವಾರದ ಮೂಲಕ ಸೂಜಿ ಹಾಕುವ ಬಯಾಪ್ಸಿಯಲ್ಲಿ ಕರುಳಿನ ಬ್ಯಾಕ್ಟೀರಿಯಾ ಪ್ರಾಸ್ಟೇಟಿಗೆ ಸೇರುವ ಅಪಾಯವಿದೆ. ಮುನ್ನೆಚ್ಚರಿಕೆಗೆ ಯಾವ ಔಷಧ ಕೊಡಬೇಕು, ಅಥವಾ ಚರ್ಮದ ಮೂಲಕವೇ ಸೂಜಿ ಹಾಕಬೇಕೇ ಎಂದು ವೈದ್ಯರು ತೀರ್ಮಾನಿಸಲು ಈ ವರದಿ ನೆರವಾಗುತ್ತದೆ. ಅದನ್ನು ಜೋಪಾನವಾಗಿಟ್ಟು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ತೋರಿಸಿ.

ಪ್ರಶ್ನೆ ಕೇಳಿದವರು:
ವರದಿಯನ್ನು ಸೋಮವಾರ ವೈದ್ಯರಿಗೆ ಒಪ್ಪಿಸುತ್ತೇನೆ. ಮನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನು ಅಪ್ಪನ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದೇನೆ.